‘ನಾಳೆ ಬರ್ರಿ’ ಎಂಬ ಮಾತಿನ ಲೆಕ್ಕ

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ದಿನಕ್ಕೆ ಎಷ್ಟು ಸಲ ಈ ಮಾತು ಕೇಳಿಬರುತ್ತದೆಯೋ ಎಣಿಸಿದವರಿಲ್ಲ: ‘ನಾಳೆ ಬರ್ರಿ, ಆಗಿರತೈತಿ.’ ದರ್ಜಿಯ ಅಂಗಡಿಯಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯದಲ್ಲಿ, ಕಿಟಕಿಯ ಗ್ರಿಲ್ ಬೆಸೆಯುವ ಶೆಡ್ಡಿನಲ್ಲಿ, ಮೋಟಾರು ರಿವೈಂಡಿಂಗ್ ಮಾಡುವಲ್ಲಿ, ಎಲ್ಲ ಕಡೆಯೂ ಇದೇ ಮಾತು. ಗಿರಾಕಿ ಮರುದಿನ ಹೋಗುತ್ತಾನೆ. ಕೆಲಸ ಆಗಿರುವುದಿಲ್ಲ. ‘ನಿನ್ನೆ ಕರೆಂಟ್ ಇರಲಿಲ್ಲರಿ’, ‘ಹುಡುಗ ಊರಿಗೆ ಹೋಗ್ಯಾನ್ರಿ’, ‘ಇನ್ನೊಂದ ದಿನ ತಡೀರಿ’. ಮೂರನೆಯ ಸಲವೂ ಹೀಗೇ ಆದರೆ ಗಿರಾಕಿ ಏನೂ ಅನ್ನದೆ ಎದ್ದುಹೋಗುತ್ತಾನೆ. ಮುಂದಿನ ಸಲ ಆತ ಬೇರೆ ಅಂಗಡಿಯ ಮೆಟ್ಟಿಲು ಹತ್ತಿರುತ್ತಾನೆ.

ಇದರಿಂದ ಅಂಗಡಿಯಾತ ಸುಳ್ಳುಗಾರ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದು ರಾತ್ರಿ ಹತ್ತರವರೆಗೆ ಆತ ದುಡಿಯುತ್ತಾನೆ. ‘ನಾಳೆ’ ಎಂದಾಗ ಅದು ಆತನ ಪ್ರಾಮಾಣಿಕ ಅಂದಾಜೇ ಆಗಿರುತ್ತದೆ. ಆದರೆ ಕೈಯಲ್ಲಿ ಎಷ್ಟು ಕೆಲಸಗಳಿವೆ, ಒಂದೊಂದಕ್ಕೆ ಎಷ್ಟು ತಾಸು ಹಿಡಿಯುತ್ತದೆ, ಯಾವುದು ಯಾವುದಕ್ಕಾಗಿ ಕಾದು ನಿಂತಿದೆ ಎಂಬುದು ಆತನಿಗೇ ಗೊತ್ತಿರುವುದಿಲ್ಲ.

ಹುಬ್ಬಳ್ಳಿ ವ್ಯಾಪಾರದ ಊರು. ಇಲ್ಲಿನ ಅಂಗಡಿಗಳಲ್ಲಿ ದೀಪಾವಳಿಗೆ ಲಕ್ಷ್ಮೀಪೂಜೆಯ ಜತೆ ಲೆಕ್ಕದ ಪುಸ್ತಕಕ್ಕೂ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಬಂದ ಹಣ, ಹೋದ ಹಣ, ಉಳಿದ ಉದ್ರಿ ಎಲ್ಲಕ್ಕೂ ಪುಟವಿದೆ. ವೇಳೆಗೆ ಮಾತ್ರ ಪುಸ್ತಕವಿಲ್ಲ. ಹತ್ತು ರೂಪಾಯಿ ಕಳೆದುಹೋದರೆ ರಾತ್ರಿ ಕುಳಿತು ಹುಡುಕುವ ಮನೆಯಲ್ಲಿ ದಿನಕ್ಕೆ ಮೂರು ತಾಸು ಕಳೆದುಹೋದರೆ ಕೇಳುವವರಿಲ್ಲ. ಈ ಇಲ್ಲದ ಪುಸ್ತಕವನ್ನು ತೆರೆಯುವ ಕೆಲಸವನ್ನೇ ಈಗ ಅಂತರಜಾಲದ ಮೂಲಕ ನಡೆಯುವ ಯೋಜನಾ ನಿರ್ವಹಣೆ ಮತ್ತು ವೇಳೆ ದಾಖಲೆಯ ಸಾಧನಗಳು ಮಾಡುತ್ತಿವೆ.

ಭೋಂಗಾದ ಕಾಲ

ವೇಳೆಯ ಶಿಸ್ತು ಹುಬ್ಬಳ್ಳಿಗೆ ಹೊಸತಲ್ಲ. ಸದರ್ನ್ ಮರಾಠಾ ರೈಲ್ವೆ ಇಲ್ಲಿ ತನ್ನ ಕಾರ್ಯಾಗಾರವನ್ನು 1885ರಲ್ಲಿ ಆರಂಭಿಸಿತು. ಕಾರ್ಖಾನೆಯ ಭೋಂಗಾ ಕೂಗಿದಾಗ ಕೆಲಸಗಾರ ಬಾಗಿಲ ಬಳಿ ಇರಬೇಕು ಎಂಬ ನಿಯಮದೊಂದಿಗೆ ಊರಿನ ಬದುಕಿಗೂ ಗಡಿಯಾರದ ಲಯ ಬಂತು. ಅದಕ್ಕೆ ಮೂರು ವರ್ಷಗಳ ಬಳಿಕ, 1888ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಪಟ್ಟಣದ ಆಭರಣ ವ್ಯಾಪಾರಿ ವಿಲ್ಲರ್ಡ್ ಬಂಡಿ ಕೆಲಸಗಾರರು ಬಂದ ವೇಳೆಯನ್ನು ಕಾಗದದ ಮೇಲೆ ಒತ್ತುವ ಗಡಿಯಾರವನ್ನು ರೂಪಿಸಿದ. ಆ ಗಡಿಯಾರದ ವ್ಯವಹಾರ ಕೈಬದಲಾಗುತ್ತ, 1911ರಲ್ಲಿ ಬೇರೆ ಕಂಪನಿಗಳೊಂದಿಗೆ ಸೇರಿ, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಗಣಕಯಂತ್ರದ ಈ ದೈತ್ಯ ಸಂಸ್ಥೆಯ ಬೇರುಗಳಲ್ಲೊಂದು ಹಾಜರಿ ಗಡಿಯಾರದಲ್ಲಿದೆ ಎಂಬುದು ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ.

ಆದರೆ ಹಾಜರಿ ಗಡಿಯಾರಕ್ಕೆ ಗೊತ್ತಾಗುವುದು ಮನುಷ್ಯ ಬಂದ ವೇಳೆ ಮತ್ತು ಹೋದ ವೇಳೆ ಮಾತ್ರ. ನಡುವೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು, ಒಪ್ಪಿಕೊಂಡ ಕೆಲಸ ಎಲ್ಲಿಗೆ ಬಂತು ಎಂದು ಅದು ಹೇಳಲಾರದು. ಅದಕ್ಕೆ ಬೇರೆ ಉಪಾಯಗಳು ಬೇಕಾದವು. 1910ರ ದಶಕದಲ್ಲಿ ಹೆನ್ರಿ ಗ್ಯಾಂಟ್ ಎಂಬ ಎಂಜಿನಿಯರ್ ಕೆಲಸಗಳನ್ನು ದಿನಾಂಕದ ಕೆಳಗೆ ಅಡ್ಡಪಟ್ಟಿಗಳಾಗಿ ಎಳೆದು ತೋರಿಸುವ ನಕ್ಷೆಯನ್ನು ಬಳಕೆಗೆ ತಂದ. ಇಂದು ಮೊಬೈಲಿನ ಪರದೆಯ ಮೇಲೆ ಬಣ್ಣದ ಪಟ್ಟಿಗಳಾಗಿ ಕಾಣುವುದು ಅದೇ ನಕ್ಷೆ. 1957ರಲ್ಲಿ ಡ್ಯುಪಾಂಟ್ ಕಂಪನಿಗಾಗಿ ‘ನಿರ್ಣಾಯಕ ಹಾದಿ’ಯ ವಿಧಾನ ರೂಪುಗೊಂಡಿತು. ಕೆಲಸಗಳ ಸರಪಣಿಯಲ್ಲಿ ಯಾವ ಹಾದಿ ಎಲ್ಲಕ್ಕಿಂತ ಉದ್ದವೋ ಅದೇ ಇಡೀ ಕೆಲಸ ಮುಗಿಯುವ ದಿನವನ್ನು ನಿರ್ಧರಿಸುತ್ತದೆ, ಆದ್ದರಿಂದ ಕಾವಲು ಆ ಹಾದಿಯ ಮೇಲಿರಬೇಕು ಎಂಬುದು ಅದರ ಸಾರ.

ಬೆಂಗೇರಿಯ ಪಾಠ

ಈ ತತ್ವವನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಅದೇ 1957ರ ನವೆಂಬರ್ 1ರಂದು ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪನೆಯಾಯಿತು. ಬೆಂಗೇರಿಯಲ್ಲಿರುವ ಅದರ ಘಟಕದಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜ ದೇಶಕ್ಕೆಲ್ಲ ಹೋಗುತ್ತದೆ. ಅಲ್ಲಿ ದುಡಿಯುವವರಲ್ಲಿ ಮಹಿಳೆಯರೇ ಹೆಚ್ಚು. ಕೈನೂಲು, ಕೈಮಗ್ಗದ ನೇಯ್ಗೆ, ಬಟ್ಟೆಯನ್ನು ಬಿಳುಪುಗೊಳಿಸಿ ಬಣ್ಣ ಹಾಕುವುದು, ಬಿಳಿ ಪಟ್ಟಿಯ ಮೇಲೆ 24 ಅರಗಳ ಚಕ್ರ ಮುದ್ರಿಸುವುದು, ಮೂರು ಪಟ್ಟಿಗಳನ್ನು ಕೂಡಿಸಿ ಹೊಲಿಯುವುದು, ಕೊನೆಗೆ ಹಗ್ಗ ಮತ್ತು ಮರದ ಗುಬ್ಬಿ ಕೂಡಿಸುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಲಸ ಸಾಗುತ್ತದೆ. ಧ್ವಜಕ್ಕೆ 150 × 100 ಮಿಲಿಮೀಟರಿನಿಂದ 6300 × 4200 ಮಿಲಿಮೀಟರಿನವರೆಗೆ ಒಂಬತ್ತು ಅಳತೆಗಳಿವೆ. ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿದ ಗುಣಮಟ್ಟಕ್ಕೆ ಎಳೆಯಷ್ಟೂ ಕಡಿಮೆಯಾಗುವಂತಿಲ್ಲ.

ಇನ್ನು ಗಡುವು. ಆಗಸ್ಟ್ 15 ಎಂದರೆ ಆಗಸ್ಟ್ 15. ‘ಹದಿನೇಳಕ್ಕ ಬರ್ರಿ, ಆಗಿರತೈತಿ’ ಎನ್ನಲು ಬರುವುದಿಲ್ಲ.

ಈ ಸರಪಣಿಯನ್ನು ಕಾಗದದ ಮೇಲೆ ಬರೆದು ನೋಡಿದ ವಿದ್ಯಾರ್ಥಿಗೆ ಒಂದು ಸಂಗತಿ ಹೊಳೆಯುತ್ತದೆ. ಕೇಸರಿ ಮತ್ತು ಹಸಿರು ಪಟ್ಟಿಗಳಿಗೆ ಚಕ್ರದ ಕೆಲಸವಿಲ್ಲ. ಬಿಳಿ ಪಟ್ಟಿಗೆ ಮಾತ್ರ ಆ ಹೆಚ್ಚಿನ ಮೆಟ್ಟಿಲಿದೆ, ಅದೂ ಎರಡೂ ಬದಿಗೆ. ಉಳಿದೆಲ್ಲ ಸಮವಾಗಿದ್ದರೆ ಹೊಲಿಗೆಯವರು ಕಾಯುವುದು ಬಿಳಿ ಪಟ್ಟಿಗಾಗಿ. ಹಸಿರು ಬಟ್ಟೆ ಒಂದು ದಿನ ತಡವಾದರೆ ನಡೆದೀತು, ಚಕ್ರದ ಮುದ್ರಣ ಒಂದು ದಿನ ತಡವಾದರೆ ಧ್ವಜವೇ ಒಂದು ದಿನ ತಡ. ಡ್ಯುಪಾಂಟ್ ಕಂಪನಿಯ ಎಂಜಿನಿಯರುಗಳು ಗಣಕಯಂತ್ರದಿಂದ ಹುಡುಕಿದ ನಿರ್ಣಾಯಕ ಹಾದಿ ಎಂದರೆ ಇದೇ. ಎಲ್ಲ ಕೆಲಸಗಳ ಹಿಂದೆಯೂ ಒಂದೇ ಸಮನೆ ಓಡುವವನು ದಣಿಯುತ್ತಾನೆ. ಯಾವುದರ ತಡ ಇಡೀ ಕೆಲಸದ ತಡವಾಗುತ್ತದೆ ಎಂದು ಬಲ್ಲವನು ಗಡುವು ಮುಟ್ಟುತ್ತಾನೆ.

ಪರದೆಯ ಮೇಲಿನ ಹಲಗೆ

ದೊಡ್ಡ ಕಂಪನಿಗಳಲ್ಲಿ ಈ ಲೆಕ್ಕಕ್ಕೆ ಬೇರೆ ಜನರೇ ಇರುತ್ತಾರೆ. ನಾಲ್ಕು ಜನ ದುಡಿಯುವ ಅಂಗಡಿಗೆ ಅದು ಸಾಧ್ಯವಿರಲಿಲ್ಲ. 2000ದ ನಂತರದ ವರ್ಷಗಳಲ್ಲಿ ಈ ಸ್ಥಿತಿ ಬದಲಾಯಿತು. 2004ರಲ್ಲಿ ಅಮೆರಿಕದ ಒಂದು ಚಿಕ್ಕ ವಿನ್ಯಾಸ ಸಂಸ್ಥೆ ತನ್ನ ಬಳಕೆಗೆಂದು ಮಾಡಿಕೊಂಡ ಬೇಸ್‌ಕ್ಯಾಂಪ್ ಸಾಧನವನ್ನು ಎಲ್ಲರಿಗೂ ಬಿಟ್ಟಿತು. 2006ರಲ್ಲಿ ಚೆನ್ನೈಯಲ್ಲಿ ಬೇರೂರಿದ ಕಂಪನಿಯಿಂದ ಜೋಹೋ ಪ್ರಾಜೆಕ್ಟ್ಸ್ ಬಂತು. 2011ರಲ್ಲಿ ಕೆಲಸಗಳನ್ನು ಚೀಟಿಗಳಂತೆ ಸಾಲಿನಿಂದ ಸಾಲಿಗೆ ಸರಿಸುವ ಟ್ರೆಲ್ಲೊ ಬಂತು. ಚಿಕ್ಕ ತಂಡಗಳಿಗೆ ಉಚಿತವಾಗಿ ಸಿಗುವ ಸಾಧನಗಳೂ ಇವೆ.

ಹೆಸರು ಯಾವುದೇ ಇರಲಿ, ಇವೆಲ್ಲ ಕೇಳುವ ಪ್ರಶ್ನೆಗಳು ನಾಲ್ಕೇ: ಕೆಲಸ ಯಾವುದು? ಮಾಡುವವರು ಯಾರು? ಯಾವ ದಿನದೊಳಗೆ? ನಿಜವಾಗಿ ಎಷ್ಟು ತಾಸು ಹಿಡಿಯಿತು? ಮೊದಲ ಮೂರರ ಉತ್ತರ ಕೆಲಸದ ಯೋಜನೆ, ನಾಲ್ಕನೆಯದು ವೇಳೆಯ ದಾಖಲೆ. ಕೆಲಸ ಆರಂಭಿಸುವಾಗ ಮೊಬೈಲಿನಲ್ಲಿ ಒಂದು ಗುಂಡಿ, ಮುಗಿಸಿದಾಗ ಇನ್ನೊಂದು ಗುಂಡಿ ಒತ್ತಿದರೆ ಸಾಕು. ತಿಂಗಳ ಕೊನೆಗೆ ಯಾವ ಗಿರಾಕಿಯ ಯಾವ ಕೆಲಸಕ್ಕೆ ಎಷ್ಟು ತಾಸು ಹೋಯಿತು ಎಂಬ ಪಟ್ಟಿ ತಾನೇ ಸಿದ್ಧವಾಗಿರುತ್ತದೆ.

‘ಅದಕ್ಕೆ ವಾಟ್ಸ್‌ಆ್ಯಪ್ ಸಾಲದೇನು?’ ಎಂದು ಕೇಳುವವರುಂಟು. ಸಾಲದು. ಬೆಳಿಗ್ಗೆ ಬಂದ ಆರ್ಡರು ಸಂಜೆಯೊಳಗೆ ಇಪ್ಪತ್ತು ‘ಶುಭೋದಯ’ ಚಿತ್ರಗಳ ಕೆಳಗೆ ಹೂತುಹೋಗಿರುತ್ತದೆ. ಮಾತು ಮುಂದೆ ಮುಂದೆ ಹರಿದು ಹೋಗುತ್ತದೆ, ಆದರೆ ಕೆಲಸ ಮುಗಿಯುವವರೆಗೆ ಕಣ್ಣೆದುರು ನಿಂತಿರಬೇಕು.

ಒಂದು ಲಗ್ನಪತ್ರಿಕೆಯ ಕಥೆ

ಲೆಕ್ಕದಿಂದಲೇ ಇದು ಸ್ಪಷ್ಟವಾಗಬೇಕು. ಹಳೇ ಹುಬ್ಬಳ್ಳಿಯಲ್ಲಿ ಒಂದು ಚಿಕ್ಕ ಮುದ್ರಣಾಲಯ ಇದೆ ಎಂದಿಟ್ಟುಕೊಳ್ಳಿ. 500 ಲಗ್ನಪತ್ರಿಕೆಗೆ 6,000 ರೂಪಾಯಿ ಎಂದು ಮಾತಾಯಿತು. ಕಾಗದ, ಪ್ಲೇಟು, ಮಸಿಗೆ 2,600 ರೂಪಾಯಿ. ಉಳಿದದ್ದು 3,400. ಕೂಲಿ, ಬಾಡಿಗೆ, ಕರೆಂಟು ಎಲ್ಲ ಸೇರಿ ಅಂಗಡಿಯ ಒಂದು ತಾಸಿನ ವೆಚ್ಚ 150 ರೂಪಾಯಿ. ವಿನ್ಯಾಸಕ್ಕೆ ನಾಲ್ಕು ತಾಸು, ಅಚ್ಚಿಗೆ ನಾಲ್ಕು, ಮಡಿಸಿ ಕಟ್ಟಲು ನಾಲ್ಕು, ಒಟ್ಟು 12 ತಾಸು ಎಂದು ಮಾಲೀಕರ ಅಂದಾಜು. ಅಂದರೆ 1,800 ರೂಪಾಯಿ ವೆಚ್ಚ, 1,600 ರೂಪಾಯಿ ಲಾಭ. ವರ್ಷಗಟ್ಟಲೆ ಅವರು ಹೀಗೇ ನಂಬಿದ್ದಾರೆ. ಆದರೂ ಹಂಗಾಮು ಮುಗಿದಾಗ ಗಲ್ಲೆಯಲ್ಲಿ ಹಣ ಉಳಿಯುವುದಿಲ್ಲ.

ಡಿಪ್ಲೊಮಾ ಓದುತ್ತಿರುವ ಮಗಳು ರಜೆಯಲ್ಲಿ ಅಂಗಡಿಗೆ ಬಂದು ಈ ಒಂದು ಆರ್ಡರಿನ ವೇಳೆಯನ್ನು ದಾಖಲಿಸುತ್ತಾಳೆ. ವಿನ್ಯಾಸ ನಾಲ್ಕು ತಾಸು, ಅಚ್ಚು ನಾಲ್ಕು, ಮಡಿಕೆ ನಾಲ್ಕು. ತಂದೆಯ ಅಂದಾಜು ಕರಾರುವಾಕ್ಕು! ಆದರೆ ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಕರಡು ತಿದ್ದಲು ಏಳು ತಾಸು. ಮೊದಲ ಸಲ ವರನ ದೊಡ್ಡಪ್ಪ ಬಂದು ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಮೂರು ಹೆಸರು ಸೇರಿಸಿದರು. ಎರಡನೆಯ ಸಲ ಸೋದರಮಾವ ಬಂದು ಎರಡು ಹೆಸರಿನ ಸ್ಥಾನ ಬದಲಿಸಿದರು. ಮೂರನೆಯ ಸಲ ಮುಹೂರ್ತದ ವೇಳೆಯೇ ತಿದ್ದುಪಡಿಯಾಯಿತು. ಆ ಗಡಿಬಿಡಿಯಲ್ಲಿ ಹಳೆಯ ಕರಡನ್ನೇ ಅಚ್ಚಿಗೆ ಕಳಿಸಿದ್ದರಿಂದ ಮತ್ತೆ ಅಚ್ಚು ಹಾಕಲು ನಾಲ್ಕು ತಾಸು. ಗಿರಾಕಿಯ ಮನೆಗೆ ಹೋಗಿಬರಲು ಒಂದು ತಾಸು. ಒಟ್ಟು 24 ತಾಸು, 3,600 ರೂಪಾಯಿ. ಲಾಭ ಎಂದುಕೊಂಡಲ್ಲಿ 200 ರೂಪಾಯಿ ನಷ್ಟ, ಕೆಟ್ಟ ಕಾಗದದ ಬೆಲೆ ಬೇರೆ.

ತಂದೆ ಲೆಕ್ಕ ಹಾಕಿದ ಕೆಲಸಗಳಲ್ಲಿ ತಪ್ಪಿರಲಿಲ್ಲ. ಕೆಲಸವೆಂದೇ ಎಣಿಸದಿದ್ದ ಕೆಲಸಗಳು ಇನ್ನೊಂದು 12 ತಾಸು ನುಂಗಿದ್ದವು. ‘ನಾಳೆ ಬರ್ರಿ’ ಎಂಬ ಮಾತು ಸುಳ್ಳಾಗುವುದೂ ಇಲ್ಲಿಯೇ. ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಲ್ಲ. ಮನೆಯ ಒಬ್ಬರೇ ಕರಡು ಒಪ್ಪಬೇಕು, ಎರಡು ತಿದ್ದುಪಡಿ ಉಚಿತ, ಮೂರನೆಯದಕ್ಕೆ ಹಣ. ಆನ್‌ಲೈನ್ ಸಾಧನದಲ್ಲಿ ಕರಡನ್ನು ಗಿರಾಕಿಯೂ ನೋಡಿ ‘ಒಪ್ಪಿಗೆ’ ಎಂದು ಗುರುತು ಹಾಕಬಹುದು. ತಾರೀಖು, ವೇಳೆ ಅಲ್ಲೇ ದಾಖಲಾಗುತ್ತದೆ. ಯಾವುದು ಕೊನೆಯ ಕರಡು ಎಂಬ ಗೊಂದಲವೂ ಇಲ್ಲ, ಜಗಳವೂ ಇಲ್ಲ.

ಇಂಥ ದಾಖಲೆಗೆ ಇನ್ನೊಂದು ಉಪಯೋಗವಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮದಿಂದ ಮಾಲು ಅಥವಾ ಸೇವೆ ಪಡೆದವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಆ ದಿನ 45 ದಿನಗಳನ್ನು ಮೀರುವಂತಿಲ್ಲ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಗೋಕುಲ ರಸ್ತೆ ಅಥವಾ ತಾರಿಹಾಳದ ದೊಡ್ಡ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಚಿಕ್ಕ ಲೇತ್ ಅಂಗಡಿಗೆ ಇದು ದೊಡ್ಡ ಆಸರೆ. ಆದರೆ ದಿನ ಎಣಿಸುವುದಕ್ಕೆ ಮಾಲು ಮುಟ್ಟಿದ ತಾರೀಖು ಬೇಕು. ಬಾಯಿಮಾತಿನ ವ್ಯವಹಾರದಲ್ಲಿ ಕಳೆದುಹೋಗುವುದು ಅದೇ ತಾರೀಖು.

ಗಡಿಯಾರ ಯಾರ ಕೈಯಲ್ಲಿ?

ವೇಳೆಯ ದಾಖಲೆಗೆ ಕೆಟ್ಟ ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಅಮೆರಿಕದ ಫ್ರೆಡರಿಕ್ ಟೇಲರ್ ಕೆಲಸಗಾರನ ಒಂದೊಂದು ಚಲನೆಯನ್ನೂ ಸ್ಟಾಪ್‌ವಾಚ್ ಹಿಡಿದು ಅಳೆಯುವ ಪದ್ಧತಿಯನ್ನು ಬೋಧಿಸಿದವನು. ವಾಟರ್‌ಟೌನ್‌ನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಅದನ್ನು ಜಾರಿಗೆ ತಂದಾಗ, 1911ರ ಆಗಸ್ಟಿನಲ್ಲಿ ಎರಕದ ಕೆಲಸಗಾರರು ಕೆಲಸ ಬಿಟ್ಟು ಹೊರನಡೆದರು. ಸಂಸತ್ತಿನವರೆಗೆ ವಿಚಾರಣೆ ಹೋಯಿತು. 1915ರಲ್ಲಿ ಸೇನೆಯ ಅನುದಾನದ ಹಣದಿಂದ ಇಂಥ ಸ್ಟಾಪ್‌ವಾಚ್ ಅಧ್ಯಯನ ನಡೆಸುವುದನ್ನೇ ಸಂಸತ್ತು ನಿಷೇಧಿಸಿತು. ದುಡಿಯಲು ಆ ಜನ ಹಿಂಜರಿದವರಲ್ಲ. ತಮ್ಮನ್ನು ಕೇಳದೆ, ತಮಗೆ ತೋರಿಸದೆ, ತಮ್ಮ ವಿರುದ್ಧ ಬರೆಯುವ ಲೆಕ್ಕ ಅವರಿಗೆ ಬೇಡವಾಗಿತ್ತು.

ಇಂದಿನ ಕೆಲವು ಸಾಧನಗಳು ಕೆಲಸಗಾರನ ಪರದೆಯ ಚಿತ್ರವನ್ನು ಆಗಾಗ ತೆಗೆಯುತ್ತವೆ, ಆತ ಎಲ್ಲಿದ್ದಾನೆ ಎಂದು ಹಿಂಬಾಲಿಸುತ್ತವೆ. ನಾಲ್ಕು ಜನರ ಅಂಗಡಿಯಲ್ಲಿ ಇದನ್ನು ತಂದರೆ ವೇಳೆ ಉಳಿಯುವುದಿಲ್ಲ, ವಿಶ್ವಾಸ ಹೋಗುತ್ತದೆ. ಚಹಾ ಕುಡಿಯಲು ಹೋದ ಹತ್ತು ನಿಮಿಷವನ್ನು ಹಿಡಿದು ಮಾತಾಡುವ ಮಾಲೀಕನಿಗೆ, ಕೆಲಸಗಾರರು ಸುಳ್ಳು ತಾಸು ಬರೆದುಕೊಡಲು ಬೇಗ ಕಲಿಯುತ್ತಾರೆ. ಸುಳ್ಳು ತಾಸಿನ ಪಟ್ಟಿಗಿಂತ ಪಟ್ಟಿ ಇಲ್ಲದಿರುವುದೇ ಮೇಲು.

ಆದ್ದರಿಂದ ಮೂರು ನಿಯಮಗಳು. ಮೊದಲನೆಯದು, ಅಳೆಯುವುದು ಕೆಲಸವನ್ನು, ಮನುಷ್ಯನನ್ನಲ್ಲ. ಎರಡನೆಯದು, ತನ್ನ ತಾಸಿನ ಪಟ್ಟಿಯನ್ನು ಕೆಲಸಗಾರ ತಾನೇ ನೋಡಿ ತಿದ್ದುವಂತಿರಬೇಕು. ಮೂರನೆಯದು, ಪಟ್ಟಿ ಎರಡೂ ಕಡೆಗೆ ನ್ಯಾಯ ಕೊಡಬೇಕು. ವಾರಕ್ಕೆ 48 ತಾಸು, ಮೀರಿದ ತಾಸಿಗೆ ದುಪ್ಪಟ್ಟು ಕೂಲಿ ಎಂಬ ನಿಯಮವನ್ನು 1948ರ ಕಾರ್ಖಾನೆ ಕಾಯಿದೆ ಈ ದೇಶಕ್ಕೆ ಕಲಿಸಿತು. ಹಬ್ಬದ ಹಂಗಾಮಿನಲ್ಲಿ ರಾತ್ರಿ ಹತ್ತರವರೆಗೆ ನಿಂತ ಹುಡುಗನ ಹೆಚ್ಚಿನ ತಾಸನ್ನೂ ಅದೇ ಪುಸ್ತಕ ಹೇಳುವಂತಿದ್ದರೆ, ಆತ ಗುಂಡಿ ಒತ್ತಲು ಮರೆಯುವುದಿಲ್ಲ.

ಓದುವವರ ಮನೆಯಲ್ಲಿ

ಈ ವಿದ್ಯೆ ಅಂಗಡಿಗೆ ಮಾತ್ರ ಸೇರಿದ್ದಲ್ಲ. ಕೆನಡಾದ ಮನಃಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ‘ಎಷ್ಟು ದಿನದಲ್ಲಿ ಮುಗಿಸುತ್ತೀರಿ?’ ಎಂದು ಕೇಳಲಾಯಿತು. ಸರಾಸರಿ ಉತ್ತರ ಸುಮಾರು 34 ದಿನ. ‘ಎಲ್ಲವೂ ಕೆಟ್ಟರೆ?’ ಎಂದಾಗ ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು! ಎಲ್ಲವೂ ಕೆಟ್ಟೀತು ಎಂದು ಊಹಿಸಿದ್ದಕ್ಕಿಂತಲೂ ನಿಜ ಹಿಂದೆ ಬಿದ್ದಿತ್ತು. ಹಾಗಿದ್ದರೆ ಹಳೇ ಹುಬ್ಬಳ್ಳಿಯ ದರ್ಜಿಯೊಬ್ಬನನ್ನೇ ದೂರಿ ಏನು ಫಲ? ಮನುಷ್ಯರ ಅಂದಾಜೇ ಹೀಗೆ. ಅದನ್ನು ತಿದ್ದುವುದು ಹಿಂದಿನ ಕೆಲಸದ ಬರೆದಿಟ್ಟ ಲೆಕ್ಕ, ‘ಈ ಸಲ ಬೇಗ ಮುಗಿಸುತ್ತೇನೆ’ ಎಂಬ ಹುಮ್ಮಸ್ಸಲ್ಲ.

ಆದ್ದರಿಂದ ಕೊನೆಯ ವರ್ಷದ ಪ್ರಾಜೆಕ್ಟು ಮಾಡುವ ನಾಲ್ವರು ವಿದ್ಯಾರ್ಥಿಗಳು ಮೊದಲ ದಿನವೇ ಒಂದು ಉಚಿತ ಹಲಗೆ ತೆರೆದು, ಕೆಲಸ, ಹೆಸರು, ತಾರೀಖು ಬರೆದುಕೊಳ್ಳಲಿ. ವರದಿ ಬರೆಯುವ ಕೆಲಸ ಒಬ್ಬನ ಮೇಲೇ ಬೀಳುವ ಹಳೆಯ ಅನ್ಯಾಯವೂ ಅದರಿಂದ ತಪ್ಪೀತು. ಹತ್ತನೆಯ ತರಗತಿಯ ಹುಡುಗಿಗೆ ಮೊಬೈಲೂ ಬೇಡ, ಒಂದು ಇನ್ನೂರು ಪುಟದ ನೋಟುಬುಕ್ಕು ಸಾಕು: ಎಡಗಡೆ ‘ಎಷ್ಟು ಹೊತ್ತು ಹಿಡಿದೀತು’, ಬಲಗಡೆ ‘ಎಷ್ಟು ಹಿಡಿಯಿತು’. ನಾಲ್ಕು ವಾರ ಬರೆದರೆ ತನ್ನ ಗಣಿತದ ಒಂದು ಅಧ್ಯಾಯಕ್ಕೆ ನಿಜವಾಗಿ ಎಷ್ಟು ತಾಸು ಬೇಕು ಎಂದು ಆಕೆಗೆ ತಿಳಿದಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ಅಳು ಅರ್ಧ ಕಡಿಮೆಯಾದೀತು.

ತಂದೆತಾಯಿಯರಿಗೂ ಒಂದು ಮಾತು. ‘ಎಷ್ಟು ತಾಸು ಕೂತು ಓದಿದಿ?’ ಎಂಬ ಪ್ರಶ್ನೆ ಟೇಲರನ ಸ್ಟಾಪ್‌ವಾಚು. ‘ಏನು ಮುಗಿಸಬೇಕೆಂದಿದ್ದಿ, ಎಲ್ಲಿಗೆ ಬಂತು, ಎಲ್ಲಿ ತಡ ಆತು?’ ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಮಕ್ಕಳು ಸುಳ್ಳು ಹೇಳುತ್ತಾರೆ. ಎರಡನೆಯದಕ್ಕೆ ಯೋಚಿಸಿ ಉತ್ತರ ಕೊಡುತ್ತಾರೆ. ಇನ್ನು ಮನೆಯಲ್ಲಿ ಅಂಗಡಿ ಇದ್ದು ಮಗನೋ ಮಗಳೋ ಗಣಕಯಂತ್ರ ಕಲಿತಿದ್ದರೆ, ‘ಇದು ನಿನಗ ತಿಳಿಯೂದಿಲ್ಲ’ ಎನ್ನದೆ ಒಂದು ಆರ್ಡರಿನ ಲೆಕ್ಕ ಅವರ ಕೈಗೆ ಕೊಟ್ಟು ನೋಡಬೇಕು. ಒಂದೇ ಆರ್ಡರು, ಒಂದೇ ತಿಂಗಳು. ಲಾಭ ಎಲ್ಲಿ ಸೋರುತ್ತಿದೆ ಎಂದು ಹಿರಿಯರಿಗೂ ಕಾಣುತ್ತದೆ, ತನ್ನ ಓದು ಮನೆಯ ಉಪಯೋಗಕ್ಕೆ ಬಂತು ಎಂದು ಕಿರಿಯರಿಗೂ ಅನ್ನಿಸುತ್ತದೆ.

ಅಂಥ ಅಂಗಡಿಗೆ ಒಂದು ದಿನ ಗಿರಾಕಿ ಬಂದು ಎಂದಿನಂತೆ ಕೇಳುತ್ತಾನೆ: ‘ಯಾವಾಗ ಕೊಡ್ತೀರಿ?’ ಮಾಲೀಕರು ಪರದೆಯ ಮೇಲಿನ ಹಲಗೆಯನ್ನು ಒಮ್ಮೆ ನೋಡಿ ಹೇಳುತ್ತಾರೆ: ‘ಗುರುವಾರ ಸಂಜಿ ಐದಕ್ಕ ಬರ್ರಿ.’ ಗಿರಾಕಿ ಗುರುವಾರ ಹೋಗುತ್ತಾನೆ. ಪೊಟ್ಟಣ ಕಟ್ಟಿಟ್ಟಿರುತ್ತದೆ. ಆ ಗಿರಾಕಿ ಮುಂದಿನ ಮದುವೆಗೆ ಬೇರೆ ಅಂಗಡಿ ಹುಡುಕುವುದಿಲ್ಲ.